ಐದನೇ ಗುಂಪಿನ ಹನ್ನೆರಡು ಹಲ್ಲು

ಫೆಬ್ರವರಿ 3, ಸೋಮವಾರ

ಇವತ್ತಿಗೆ ನನ್ನ ಬಳಿ ನಲವತ್ತೆಂಟು ಹಲ್ಲುಗಳಿವೆ, ಬಾಯಲ್ಲಿರುವುದನ್ನು ಬಿಟ್ಟು. ಬೇಕಿರುವುದು ಅರವತ್ತು. ಸೆಗೆಡ್‌ನಲ್ಲಿ ಅರ್ಧ ಊರಿನ ಮಕ್ಕಳು ಹಲ್ಲಿಗೆ ತಂತಿ ಹಾಕಿಸಿಕೊಂಡು ಓಡಾಡುತ್ತಾರೆ. ಆ ತಂತಿಗೆ ಜಾಗ ಮಾಡಲೆಂದು ಕಿತ್ತ ಒಳ್ಳೊಳ್ಳೆಯ ಹಲ್ಲುಗಳೆಲ್ಲ ಎಲ್ಲಿ ಹೋಗುತ್ತವೋ ದೇವರೇ ಬಲ್ಲ. ತಂತಿ ಡಾಕ್ಟರುಗಳನ್ನು ಕೇಳಿದರೆ ಅವರ ಮನೆಯ ಬೆಳ್ಳಿ ಚಮಚ ಕೇಳಿದ ಹಾಗೆ ಮುಖ ಮಾಡುತ್ತಾರೆ.

ನನಗೆ ಬೇಕಾದದ್ದು ಕೋರೆಹಲ್ಲಿಗೂ ದವಡೆಹಲ್ಲಿಗೂ ನಡುವಿನದು. ಹುಳುಕಿರಬಾರದು, ಬಿರುಕಿರಬಾರದು, ಕಿತ್ತು ಆರು ತಿಂಗಳು ಮೀರಿರಬಾರದು. ಅದಕ್ಕೆ ರೂಟ್ ಕೆನಾಲ್ ಮಾಡಿ, ಪೊಳ್ಳಾದ ಜಾಗಕ್ಕೆ ಬೇರೆ ಬೇರೆ ವಸ್ತು ತುಂಬಿ, ಯಂತ್ರದ ಕೆಳಗಿಟ್ಟು ಒಡೆಯುವ ತನಕ ಅದುಮುವುದು. ಯಾವುದು ಹೆಚ್ಚು ಭಾರ ತಡೆಯಿತೋ ಅದು ಗೆದ್ದಂತೆ. ಮೂರು ವರ್ಷದ ಸಂಶೋಧನೆಯನ್ನು ಹೀಗೆ ಬಿಡಿಸಿ ಹೇಳಿದಾಗ ಅಮ್ಮ, "ಎಮೋಕೆ ಮಗಳೇ, ಇಷ್ಟಕ್ಕೆ ಇಷ್ಟು ಓದ್ಬೇಕಿತ್ತಾ?" ಎಂದಳು.

ಜೂನ್ ಮೂವತ್ತಕ್ಕೆ ಪ್ರಬಂಧ ಒಪ್ಪಿಸಬೇಕು. ಸಂಜೆ ಗೆದೆಯೋನ್ ಮಾಮನಿಗೆ ಫೋನ್ ಮಾಡಿದೆ. ಅಪ್ಪನ ಹಳೆಯ ಗೆಳೆಯರು, ನಲವತ್ತು ವರ್ಷದಿಂದ ಹಳ್ಳಿಯಲ್ಲಿ ಹಲ್ಲು ಕೀಳುತ್ತಿದ್ದಾರೆ. "ಸೆಪ್ಟೆಂಬರ್‌ನಲ್ಲಿ ನೀನು ಕೇಳಿದ್ದೆಯಲ್ಲ, ಅವತ್ತಿಂದ ಕೂಡಿಡ್ತಾ ಇದೀನಿ. ಹನ್ನೆರಡಿದೆ. ಮುತ್ತಿನಂಥವು" ಎಂದರು. ನಾನು ಫೋನಿಗೇ ಮುತ್ತು ಕೊಟ್ಟೆ.

ಫೆಬ್ರವರಿ 11

ಮಾಮನ ಹಲ್ಲುಗಳು ಬಸ್ಸಿನಲ್ಲಿ ಬಂದವು. ಡ್ರೈವರ್ ಜಾಮಿನ ಶೀಶೆಯನ್ನು ಕೈಗೆ ಕೊಡುವಾಗ ಒಳಗೇನಿದೆ ಎಂದು ನೋಡಿಬಿಟ್ಟ. ಪಾಪ, ಊಟಕ್ಕೆ ಹೊರಟಿದ್ದ.

ನಿಜಕ್ಕೂ ಚೆಂದದ ಹಲ್ಲುಗಳು. ಶೀಶೆ ತೆರೆದಾಗ ಪ್ಲಮ್ ಹಣ್ಣಿನ ವಾಸನೆ ಬಂತು. ಮಾಮನ ಹೆಂಡತಿ ಜಾಮಿನ ಶೀಶೆಯನ್ನು ಸರಿಯಾಗಿ ತೊಳೆದಿಲ್ಲ ಎಂದುಕೊಂಡು ಎಲ್ಲವನ್ನೂ ಉಪ್ಪುನೀರಿಗೆ ಹಾಕಿದೆ.

ನನ್ನ ಅರವತ್ತು ಹಲ್ಲುಗಳಿಗೆ ಐದು ಗುಂಪು. ಮೊದಲನೆಯದು ಮುಟ್ಟದೆ ಬಿಟ್ಟ ಪೂರ್ಣ ಹಲ್ಲು. ಎರಡನೆಯದು ಪೊಳ್ಳು ಮಾಡಿ ಹಾಗೇ ಬಿಟ್ಟದ್ದು. ಮೂರಕ್ಕೆ ಮಾಮೂಲಿ ಫಿಲ್ಲಿಂಗ್, ನಾಲ್ಕಕ್ಕೆ ಬೇರಿನೊಳಗೆ ಗಾಜುನಾರಿನ ಕಡ್ಡಿ. ಐದಕ್ಕೆ ನನ್ನ ಕಣ್ಮಣಿ: ಗಾಜಿನ ಸಣ್ಣ ನಾರು ಬೆರೆಸಿದ ಹೊಸ ಮುದ್ದೆ. ಮೊದಲ ನಾಲ್ಕು ಗುಂಪುಗಳು ಡಿಸೆಂಬರಿನಲ್ಲೇ ತಯಾರಾಗಿವೆ. ಹಾಗಾಗಿ ಮಾಮನ ಹನ್ನೆರಡೂ ನೇರವಾಗಿ ಐದನೆಯದಕ್ಕೆ. ಎಲ್ಲ ಹಲ್ಲುಗಳನ್ನೂ ಕಲಸಿ, ಚೀಟಿ ಎತ್ತಿ ಹಂಚಬೇಕಿತ್ತು ಎಂಬುದು ಗೊತ್ತು. ಪುಸ್ತಕದಲ್ಲಿ ಹಾಗೇ ಇದೆ. ಪುಸ್ತಕ ಬರೆದವರು ಸೆಗೆಡ್‌ನಲ್ಲಿ ಹಲ್ಲು ಬೇಡಲು ಹೋಗಿರಲಿಲ್ಲ. ಹಲ್ಲು ಯಾರದಾದರೇನು, ಹಲ್ಲೇ ತಾನೆ.

ಮಾರ್ಚ್ 4

ಗೆದ್ದೆ. ಗೆದ್ದೆ. ಗೆದ್ದೆ.

ಅದುಮುವ ಯಂತ್ರವಿರುವುದು ಎಂಜಿನಿಯರಿಂಗ್ ವಿಭಾಗದ ನೆಲಮಾಳಿಗೆಯಲ್ಲಿ. ಅದರ ಯಜಮಾನ ಲೆಹೆಲ್. ಸಿಮೆಂಟು, ಕಬ್ಬಿಣ, ಸೇತುವೆಯ ಬೋಲ್ಟು ಒಡೆಯುವ ಮನುಷ್ಯ. ನನ್ನ ಹಲ್ಲುಗಳನ್ನು ಕಂಡರೆ ಅವನಿಗೆ ಸಸಾರ. ಎರಡು ದಿನ ಕೂತು ಅರವತ್ತನ್ನೂ ಒಡೆದೆವು. ಪೂರ್ಣ ಹಲ್ಲು ಸರಾಸರಿ 1090 ನ್ಯೂಟನ್ ತಡೆಯಿತು. ಪೊಳ್ಳು 380. ಮಾಮೂಲಿ ಫಿಲ್ಲಿಂಗ್ 650, ಕಡ್ಡಿ 720. ನನ್ನ ಮುದ್ದೆ 1240. ದೇವರು ಮಾಡಿದ ಹಲ್ಲಿಗಿಂತ ನಾನು ರಿಪೇರಿ ಮಾಡಿದ್ದು ಗಟ್ಟಿ.

ಲೆಹೆಲ್ ಮಾತ್ರ ಹುಬ್ಬು ಗಂಟಿಕ್ಕಿಕೊಂಡು ಚೂರುಗಳನ್ನು ನೋಡುತ್ತಿದ್ದ.

"ಬೇರೆಯವೆಲ್ಲ ಒಡೆಯೋ ಮುಂಚೆ ಸ್ವಲ್ಪ ಚಟಪಟ ಅಂದ್ವು. ಇವು ಹೇಳ್ದೆ ಕೇಳ್ದೆ ಒಂದೇ ಏಟಿಗೆ ಎರಡು ಹೋಳು. ಬೇರಿನ ತನಕ ಸೀಳಿದೆ ನೋಡು."

"ಭಾರ ಜಾಸ್ತಿ ತಡೀತು, ಜಾಸ್ತಿ ಒಡೀತು. ಅದರಲ್ಲೇನಿದೆ?"

"ಹನ್ನೆರಡಕ್ಕೆ ಹನ್ನೆರಡೂ ಹೀಗೇನಾ?"

"ನಿಂಗೆ ಹೊಟ್ಟೆಕಿಚ್ಚು."

"ನಂಗ್ಯಾಕೆ ಹೊಟ್ಟೆಕಿಚ್ಚು? ನನ್ನ ಬೋಲ್ಟುಗಳು ಎರಡು ಲಕ್ಷ ತಡಿಯುತ್ವೆ."

ಈ ಎಂಜಿನಿಯರುಗಳು ಮದುವೆ ಊಟದಲ್ಲೂ ಮೇಜಿನ ಕಾಲು ಅಲ್ಲಾಡುತ್ತದಾ ಎಂದು ನೋಡುವವರು.

ಮಾರ್ಚ್ 5

ಅರಾಂಕಾ ಮೇಡಂ ನನ್ನ ಗೈಡು. ಹೊಗಳುವುದು ಅವರ ಜಾಯಮಾನದಲ್ಲಿಲ್ಲ. ಇವತ್ತು ಅಂಕಿ ನೋಡಿ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ನೋಡಿದರು. "ಚೆನ್ನಾಗಿ ಬಂದಿದೆ" ಎಂದರು. ನಾನು ಮೂರು ವರ್ಷ ಕಾದದ್ದು ಈ ಎರಡು ಪದಕ್ಕೆ. ಸೆಪ್ಟೆಂಬರಿನ ಸಮ್ಮೇಳನಕ್ಕೆ ಸಾರಾಂಶ ಕಳಿಸಿದೆವು.

ಮನೆಗೆ ಬರುವಾಗ ತೀಸಾ ನದಿಯ ದಂಡೆಯಲ್ಲಿ ಒಬ್ಬಳೇ ಕೂತು ದೊಡ್ಡ ಬಟ್ಟಲು ಮೀನಿನ ಸಾರು ಕುಡಿದೆ. ಮುಳ್ಳು ಸಿಕ್ಕರೂ ಸಿಟ್ಟು ಬರಲಿಲ್ಲ.

ಮಾರ್ಚ್ 12

ನನ್ನ ಕ್ಲಿನಿಕ್ಕಿಗೆ ರೊಜಾಲಿಯಮ್ಮ ಬಂದಿದ್ದರು. ಮಾರ್ಸ್ ಮಾರುಕಟ್ಟೆಯಲ್ಲಿ ಉಪ್ಪಿನಕಾಯಿ ಮಾರುತ್ತಾರೆ. ಕೋಸು, ಮೆಣಸಿನಕಾಯಿ, ಎಳೆ ಕಲ್ಲಂಗಡಿ, ಅವರು ಉಪ್ಪಿಗೆ ಹಾಕದ ಕಾಯಿ ಇನ್ನೂ ಹುಟ್ಟಿಲ್ಲ. ಎಡಗಡೆ ಮೇಲಿನ ಹಲ್ಲಿಗೆ ಕಳೆದ ತಿಂಗಳು ರೂಟ್ ಕೆನಾಲ್ ಮಾಡಿದ್ದೆ. ಇಂಥ ಹಲ್ಲಿಗೆ ಸುತ್ತ ಅರೆದು ಮೇಲೊಂದು ಕ್ಯಾಪ್ ಕೂರಿಸುವುದು ವಾಡಿಕೆ.

"ಇದ್ದಬದ್ದ ಹಲ್ಲನ್ನ ಪೆನ್ಸಿಲ್ ಥರ ಚೂಪು ಮಾಡ್ಬಿಟ್ಟು ಅದರ ಮೇಲೆ ಕ್ಯಾಪಾ? ಬೇಡ ಡಾಕ್ಟ್ರಮ್ಮ. ನಂದು ನಂಗಿರ್ಲಿ."

ಬೇರೆ ದಿನವಾಗಿದ್ದರೆ ಅರ್ಧ ಗಂಟೆ ಒಲಿಸುತ್ತಿದ್ದೆ. ಇವತ್ತು ನನ್ನ ಹತ್ತಿರ 1240 ಇತ್ತು. "ಬೇಡ ಬಿಡಿ. ಹೊಸದೊಂದು ವಸ್ತು ಬಂದಿದೆ. ಕ್ಯಾಪೇ ಬೇಡ. ನಿಮ್ಮ ಸ್ವಂತ ಹಲ್ಲಿಗಿಂತ ಗಟ್ಟಿ" ಎಂದೆ.

"ಎಷ್ಟು ದಿನ ಬರುತ್ತೆ?"

"ನೀವಿರೋ ತನಕ."

"ನಾನು ತುಂಬಾ ದಿನ ಇರ್ತೀನಿ, ನೋಡ್ಕೊಂಡು ಹೇಳು."

ತುಂಬಿ, ಲೈಟು ಹಿಡಿದು ಗಟ್ಟಿ ಮಾಡಿ, ಹೊಳಪು ಕೊಟ್ಟೆ. ಯಾವುದು ಹಲ್ಲು, ಯಾವುದು ನಾನು ಮಾಡಿದ್ದು ಎಂದು ನನಗೇ ಗೊತ್ತಾಗಲಿಲ್ಲ. ಹೋಗುವಾಗ ಒಂದು ಶೀಶೆ ಕಲ್ಲಂಗಡಿ ಉಪ್ಪಿನಕಾಯಿ ಇಟ್ಟು ಹೋದರು.

ಮಾರ್ಚ್ 29, ಶನಿವಾರ

ಮಾಮನಿಗೆ ಥ್ಯಾಂಕ್ಸ್ ಹೇಳಲು ಗಸಗಸೆ ಕೇಕು ಹಿಡಿದು ಹಳ್ಳಿಗೆ ಹೋಗಿದ್ದೆ. ಅಂಗಳದಲ್ಲಿ ಮೇಜು, ಬಿಸಿಲು, ಕಾಲಿಗೆ ಸುತ್ತಿಕೊಳ್ಳುವ ಬೆಕ್ಕು. ಗೆಲುವಿನ ಕಥೆಯನ್ನೆಲ್ಲ ಹೇಳಿದೆ. ಮಾಮನಿಗೆ ಎಷ್ಟು ಖುಷಿಯಾಯಿತೆಂದರೆ ಒಳಗೆ ಹೋಗಿ ತಮ್ಮ ಮನೆಯ ಪಾಲಿಂಕಾ ಬಾಟಲಿ ತಂದರು. ಪ್ಲಮ್ ಹಣ್ಣಿನ ಭಟ್ಟಿ ಸಾರಾಯಿ. ಒಂದು ಗುಟುಕಿಗೆ ಕಿವಿಯ ತುದಿ ಬಿಸಿಯಾಗುತ್ತದೆ.

"ಕುಡಿ ಮಗಳೇ. ನಿನ್ನ ಹಲ್ಲುಗಳು ಕುಡಿದದ್ದೂ ಇದೇ."

"ಯಾವ ಹಲ್ಲು ಮಾಮ?"

"ನಾನು ಕಳಿಸಿದ್ದು. ಐದು ತಿಂಗಳು ಇದರಲ್ಲೇ ಮುಳುಗಿದ್ವು."

ನಾನು ಲೋಟ ಕೆಳಗಿಟ್ಟೆ. "ಉಪ್ಪುನೀರಲ್ಲಿ ಇಡಿ ಅಂತ ಹೇಳಿದ್ನಲ್ಲ ಮಾಮ."

"ಹೇಳ್ದೆ. ಹಲ್ಲೇನು ಸೌತೇಕಾಯಾ, ಉಪ್ಪುನೀರಲ್ಲಿ ನೆನೆಹಾಕೋಕೆ? ನಮ್ಮ ಹುಡುಗಿ ಮೊದಲ ಸಲ ಏನೋ ಕೇಳಿದಾಳೆ, ಕಡಿಮೇದು ಹಾಕಿ ಕಳಿಸ್ಲಾ? ನೆಂಟರಿಗೆ ಕೊಡೋದಲ್ಲ, ಇದು ನಮಗೇ ಅಂತ ಇಟ್ಕೊಂಡಿರೋದು. ಎರಡು ಸಲ ಇಳಿಸಿದ್ದು."

ಬೈಯಲು ಬಾಯಿ ಬರಲಿಲ್ಲ. ಮನೆಯಲ್ಲಿದ್ದ ಅತ್ಯುತ್ತಮವಾದದ್ದನ್ನೇ ಕೊಟ್ಟಿದ್ದಾರೆ. ನಗುತ್ತಾ ಕೇಕು ತಿಂದೆ, ನಗುತ್ತಾ ಬಸ್ಸು ಹತ್ತಿದೆ.

ಮದ್ಯ ಹಲ್ಲಿನೊಳಗಿನ ತೇವ ಹೀರುತ್ತದೆ. ಒಣಗಿದ ಹಲ್ಲು ಹೆಚ್ಚು ಭಾರ ತಡೆಯುತ್ತದೆ, ಆದರೆ ಬಗ್ಗುವುದಿಲ್ಲ. ಒಡೆದರೆ ಬೇರಿನ ತನಕ ಹೋಳು. ಇದು ಎರಡನೇ ವರ್ಷದ ವಿದ್ಯಾರ್ಥಿಗೂ ಗೊತ್ತು. ನಾನು ಅಳೆದದ್ದು ನನ್ನ ಮುದ್ದೆಯನ್ನಲ್ಲ, ಮಾಮನ ಪ್ಲಮ್ಮನ್ನು.

ಮಾರ್ಚ್ 31

ಏನೂ ಇಲ್ಲ ಬರೆಯಲು.

ಏಪ್ರಿಲ್ 3

ಸಮಾಧಾನವಾಗಿ ಯೋಚಿಸಿದರೆ ಅಷ್ಟೇನೂ ಆಗಿಲ್ಲ. ಶೀಶೆಯಿಂದ ತೆಗೆದ ಮೇಲೆ ಮೂರು ವಾರ ನನ್ನ ಉಪ್ಪುನೀರಲ್ಲಿ ಇದ್ದವಲ್ಲ. ತೇವ ವಾಪಸು ಬಂದೇ ಇರುತ್ತದೆ. ಪೂರ್ತಿ ಅಲ್ಲದಿದ್ದರೂ ಸಾಕಷ್ಟು. ಪ್ರಬಂಧದಲ್ಲಿ "ಸೂಕ್ತ ದ್ರವದಲ್ಲಿ ಸಂಗ್ರಹಿಸಲಾಯಿತು" ಎಂದು ಬರೆದರೆ ಸುಳ್ಳೂ ಆಗುವುದಿಲ್ಲ. ಮಾಮನ ಪ್ರಕಾರ ಅದಕ್ಕಿಂತ ಸೂಕ್ತ ದ್ರವ ಇಲ್ಲ.

ಲೆಹೆಲ್ ಊಟಕ್ಕೆ ಕರೆದ. ಕೆಲಸ ಇದೆ ಎಂದೆ. ಇರಲಿಲ್ಲ.

ಏಪ್ರಿಲ್ 5, ಶನಿವಾರ

ಮಾರುಕಟ್ಟೆಗೆ ಮೂಲಂಗಿ ತರಲು ಹೋದೆ. ರೊಜಾಲಿಯಮ್ಮನ ಅಂಗಡಿ ಮುಂದೆ ನಾಲ್ಕು ಜನ ಗುಂಪು ಕಟ್ಟಿದ್ದರು. ನೋಡಿದರೆ ಆಯಮ್ಮ ಎಡದವಡೆಯಲ್ಲಿ ಅಕ್ರೋಟು ಇಟ್ಟು ಕಟಕ್ ಎಂದು ಒಡೆದು, ಸಿಪ್ಪೆಯನ್ನು ಅಂಗೈಗೆ ಉಗಿದು, ತಿರುಳನ್ನು ಗಿರಾಕಿಗಳಿಗೆ ತೋರಿಸುತ್ತಿದ್ದಾರೆ.

"ಸತ್ತ ಹಲ್ಲು ಇದು, ಗೊತ್ತಾ? ನರಾನೇ ಇಲ್ಲ. ಒಳಗೆಲ್ಲ ಗಾಜಿನ ನಾರು. ಅಗೋ, ಮಾಡಿದವರು ಅಲ್ಲೇ ನಿಂತಿದ್ದಾರೆ."

ನಾಲ್ಕು ತಲೆಗಳು ನನ್ನ ಕಡೆ ತಿರುಗಿದವು. ಅವರು ಇನ್ನೊಂದು ಅಕ್ರೋಟು ಕೈಗೆತ್ತಿಕೊಂಡರು. ನಾನು ಮೂಲಂಗಿ ಬಿಟ್ಟು ಮನೆಗೆ ಬಂದೆ. ಹೆದರಿಕೆಯಾಯಿತು. ಪ್ರಬಂಧದ ಹೆದರಿಕೆಯಲ್ಲ, ಆ ಅಕ್ರೋಟಿನದು.

ಏಪ್ರಿಲ್ 7

ಬೆಳಿಗ್ಗೆ ಫೋನ್ ಮಾಡಿ, "ಒಂದು ಸಲ ಬನ್ನಿ ರೊಜಾಲಿಯಮ್ಮ, ಹಲ್ಲಿಗೆ ಕ್ಯಾಪ್ ಹಾಕೋಣ" ಎಂದೆ. ನೋವಿಲ್ಲ, ಬರಲ್ಲ ಎಂದರು. ಮಧ್ಯಾಹ್ನ ಮತ್ತೆ ಮಾಡಿದೆ. ಈಸ್ಟರ್ ಹತ್ತಿರ ಬಂತು, ವ್ಯಾಪಾರದ ಸಮಯ, ತಲೆ ತಿನ್ನಬೇಡ ಎಂದರು. ಕೊನೆಗೆ ನಾನೇ ಹೋದೆ. ಕೋಸಿನ ಪೀಪಾಯಿಗಳ ಮಧ್ಯೆ ನಿಂತು, ಮಾಮ, ಶೀಶೆ, ಪಾಲಿಂಕಾ, ಚೀಟಿ ಎತ್ತದೇ ಇದ್ದದ್ದು, ಎಲ್ಲ ಹೇಳಿದೆ. ಅರ್ಧ ಕಿಲೋ ಮೆಣಸಿನಕಾಯಿಗೆ ಕಾದು ನಿಂತಿದ್ದ ಒಬ್ಬರು ಜರುಗಲೇ ಇಲ್ಲ, ಪೂರ್ತಿ ಕೇಳಿಸಿಕೊಂಡರು.

ರೊಜಾಲಿಯಮ್ಮ ಮೆಣಸಿನಕಾಯಿ ಎತ್ತುತ್ತಿದ್ದ ಇಕ್ಕಳ ಕೆಳಗಿಟ್ಟರು.

"ಅಂದ್ರೆ ನನ್ನ ಹಲ್ಲು ನಿಂತಿರೋದು ಕುಡುಕ ಹಲ್ಲುಗಳು ಹೇಳಿದ ಸಾಕ್ಷಿ ಮೇಲೆ."

"ಹೌದು."

"ಎಷ್ಟು ದಿನದಿಂದ ಗೊತ್ತಿತ್ತು ನಿಂಗೆ?"

"ಒಂಬತ್ತು ದಿನ."

"ಶನಿವಾರ ನಾನು ಅಕ್ರೋಟು ಕಚ್ಚೋವಾಗ್ಲೂ ಗೊತ್ತಿತ್ತು."

ಅದಕ್ಕೂ ಹೌದು ಎಂದೆ. ಅವರು ಮೆಣಸಿನಕಾಯಿ ತೂಗಿ, ಆ ಗಿರಾಕಿಯನ್ನು ಕಳಿಸಿ, ಕೈ ಒರೆಸಿಕೊಂಡರು. "ಈಸ್ಟರ್ ಮುಗೀಲಿ. ಇಪ್ಪತ್ಮೂರಕ್ಕೆ ಬರ್ತೀನಿ. ಅಲ್ಲಿತನಕ ಬಲಗಡೆ ಅಗೀತೀನಿ. ಈಗ ಹೋಗು, ಜನ ಕಾಯ್ತಿದಾರೆ."

ಏಪ್ರಿಲ್ 8

ಅರಾಂಕಾ ಮೇಡಂಗೆ ಎಲ್ಲ ಹೇಳಿದೆ. ಗೆದೆಯೋನ್ ಮಾಮನ ಮೇಲೆ ಸ್ವಲ್ಪ ಜಾಸ್ತಿಯೇ ಹೊರಿಸಿದೆ ಅನಿಸುತ್ತದೆ. ಅವರು ಕೈ ಎತ್ತಿ ತಡೆದರು.

"ಪಾಲಿಂಕಾ ಆ ಮುದುಕಂದು. ಚೀಟಿ ನಿಂದು. ನೀನು ಕಲಸಿ ಹಂಚಿದ್ರೆ ಪ್ರತಿ ಗುಂಪಿಗೆ ಎರಡು ಮೂರು ಬಂದಿರೋದು. ವಿಚಿತ್ರವಾಗಿ ಕಂಡು ಸಿಕ್ಕಿಬೀಳ್ತಿದ್ವು."

"ಗೊತ್ತು ಮೇಡಂ."

"ಯಾರ ಬಾಯಲ್ಲಾದ್ರೂ ಆ ಮುದ್ದೆ ಹಾಕಿದೀಯಾ?"

ಒಬ್ಬರಿಗೆ ಎಂದೆ. ಹೇಳಿದೀಯಾ ಎಂದು ಕೇಳಿದರು. ನಿನ್ನೆ ಹೇಳಿದೆ ಎಂದೆ. ಕಂಪ್ಯೂಟರ್ ತಿರುಗಿಸಿ ಸಮ್ಮೇಳನದ ಸಾರಾಂಶ ವಾಪಸು ತೆಗೆದುಕೊಂಡರು. ಒಂದು ನಿಮಿಷದ ಕೆಲಸ. ಜೂನಿಗೆ ಪ್ರಬಂಧ ಇಲ್ಲ. ಹೊಸ ಹಲ್ಲು, ಹೊಸ ಗುಂಪು, ಡಿಸೆಂಬರಿಗೆ ನೋಡೋಣ ಎಂದರು. ಬಾಗಿಲ ಬಳಿ ಹೋದಾಗ, "ಊಟ ಮಾಡಿದ್ಯಾ?" ಎಂದರು. ಇಲ್ಲವೆಂದಾಗ ತಮ್ಮ ಡಬ್ಬಿಯಿಂದ ಅರ್ಧ ಸ್ಯಾಂಡ್‌ವಿಚ್ ಕೊಟ್ಟರು. ಮೆಟ್ಟಿಲ ಮೇಲೆ ಕೂತು ಅತ್ತೆ, ತಿಂದೆ. ಎರಡೂ ಒಟ್ಟಿಗೆ.

ಏಪ್ರಿಲ್ 21, ಈಸ್ಟರ್ ಸೋಮವಾರ

ಹತ್ತು ಗಂಟೆಗೆ ಬಾಗಿಲು ಬಡಿದ ಸದ್ದು. ಲೆಹೆಲ್. ಇಸ್ತ್ರಿ ಅಂಗಿ, ಕೈಯಲ್ಲಿ ಅಗ್ಗದ ಸೆಂಟಿನ ಬಾಟಲಿ. ಹೂವಿನಂಥ ಹೆಂಗಸರು ಬಾಡದಿರಲಿ ಎಂದು ಈ ದಿನ ಅವರ ಮೇಲೆ ನೀರೋ ಸೆಂಟೋ ಚಿಮುಕಿಸಿ ಹೋಗುವ ಗಂಡಸರಲ್ಲಿ ಇವನೂ ಒಬ್ಬ ಎಂದು ಎಣಿಸಿರಲಿಲ್ಲ.

"ಪದ್ಯ ಹೇಳ್ಬೇಕಂತೆ. ನಂಗೆ ಬರಲ್ಲ. ತಲೆ ಬಗ್ಸು."

ತಲೆಗೆ ಮೂರು ಹನಿ ಹಾಕಬೇಕಾದವನು ಕಾಲು ಬಾಟಲಿ ಸುರಿದ. ಬಣ್ಣದ ಮೊಟ್ಟೆ ಕೊಟ್ಟು, ಹ್ಯಾಮ್ ಕೊಯ್ದು ಕೊಟ್ಟೆ. ಇಬ್ಬರೂ ಸೀನುತ್ತಾ ತಿನ್ನುತ್ತಿರುವಾಗ ಫೋನ್ ಬಂತು.

"ಅಕ್ರೋಟಲ್ಲ ಡಾಕ್ಟ್ರಮ್ಮ" ಎಂದರು ರೊಜಾಲಿಯಮ್ಮ. "ಬ್ರೆಡ್ಡು. ಈಸ್ಟರಿನ ಸಿಹಿ ಬ್ರೆಡ್ಡು, ಹತ್ತಿ ಇದ್ದಂಗಿತ್ತು. ಮಾತಾಡ್ತಾ ಮಾತಾಡ್ತಾ ಎಡಗಡೆಗೆ ಹೋಯ್ತು. ಟಕ್ ಅಂತು."

ಏಪ್ರಿಲ್ 22

ರೊಜಾಲಿಯಮ್ಮನ ಬಾಯಲ್ಲಿ ಕನ್ನಡಿ ಹಿಡಿದು ನೋಡಿದೆ. ಒಂದು ಗೋಡೆ ಮಾತ್ರ ಮುರಿದಿರಲಿ, ಒಸಡಿನ ಮೇಲೆಯೇ ಮುರಿದಿರಲಿ ಎಂದು ದಾರಿಯುದ್ದಕ್ಕೂ ಹರಕೆ ಹೊತ್ತಿದ್ದೆ. ಮಧ್ಯದಲ್ಲಿ ಸೀಳಿ ಬೇರಿನೊಳಗೆ ಇಳಿದಿತ್ತು. ಎರಡು ಹೋಳುಗಳೂ ಬೇರೆ ಬೇರೆಯಾಗಿ ಅಲ್ಲಾಡುತ್ತಿದ್ದವು. ಕ್ಯಾಪ್ ಇದ್ದಿದ್ದರೆ ಎರಡನ್ನೂ ಹಿಡಿದಿಟ್ಟಿರುತ್ತಿತ್ತೇನೋ.

"ಉಳಿಯಲ್ಲ ಅಲ್ವಾ?"

"ಉಳಿಯಲ್ಲ ರೊಜಾಲಿಯಮ್ಮ. ತಪ್ಪು ನಂದು."

"ನಿನ್ನ ಮೇಲೆ ಸಿಟ್ಟಿಲ್ಲ ಅಂದ್ರೆ ಸುಳ್ಳಾಗುತ್ತೆ. ಕೀಳು."

ಕಿತ್ತೆ. ಹತ್ತಿ ಕಚ್ಚಿಕೊಂಡು, ಕೋಟು ಹಾಕಿಕೊಂಡು, ನನ್ನ ಕಡೆ ನೋಡದೆ ಹೋದರು. ಆಮೇಲೆ ಬಂದ ಇಬ್ಬರು ರೋಗಿಗಳಿಗೆ ಏನು ಮಾಡಿದೆನೋ ಸರಿಯಾಗಿ ನೆನಪಿಲ್ಲ. ಸರಿಯಾಗಿಯೇ ಮಾಡಿದ್ದೇನೆ, ಎರಡೆರಡು ಸಲ ನೋಡಿದ್ದೇನೆ.

ಮೇ 10

ಗೆದೆಯೋನ್ ಮಾಮನಿಗೆ ನಿಜ ಹೇಳಲೇಬೇಕಾಯಿತು. ಮರುದಿನದಿಂದ ಅಕ್ಕಪಕ್ಕದ ಏಳು ಊರಿನ ಡಾಕ್ಟರುಗಳ ಮನೆಗೆ ರೈಲಲ್ಲಿ ಹೋಗಿ ಹಲ್ಲು ಬೇಡುತ್ತಿದ್ದಾರಂತೆ. "ಉಪ್ಪುನೀರಲ್ಲದೆ ಬೇರೆ ಏನಲ್ಲಾದ್ರೂ ಇಟ್ಟಿದ್ರೆ ನಂಗೆ ಬೇಡ" ಎಂದು ಅವರನ್ನೆಲ್ಲ ಗದರಿಸುತ್ತಾರೆ ಎಂದು ಅವರ ಹೆಂಡತಿ ಹೇಳಿದರು.

ಮಾರುಕಟ್ಟೆಗೆ ಹೋದೆ. ರೊಜಾಲಿಯಮ್ಮ ನನ್ನನ್ನು ಕಂಡು ಪೀಪಾಯಿಯೊಳಗೆ ಏನನ್ನೋ ಹುಡುಕತೊಡಗಿದರು. ಸ್ವಲ್ಪ ಹೊತ್ತು ನಿಂತೆ. ಸಿಗಲಿಲ್ಲ ಅಂತ ಕಾಣುತ್ತದೆ, ಹುಡುಕುತ್ತಲೇ ಇದ್ದರು.

ಜೂನ್ 12

ಇಪ್ಪತ್ತನಾಲ್ಕು ಹೊಸ ಹಲ್ಲು. ಲೆಹೆಲ್‌ನ ಟೋಪಿಯಲ್ಲಿ ಚೀಟಿ ಹಾಕಿ ಎತ್ತಿ ಹಂಚಿದ್ದೆ. ಹನ್ನೆರಡಕ್ಕೆ ಮಾಮೂಲಿ ಫಿಲ್ಲಿಂಗ್, ಹನ್ನೆರಡಕ್ಕೆ ನಾರಿನ ಮುದ್ದೆ. ಪ್ರತಿಯೊಂದರ ಪಕ್ಕ ಯಾವ ಊರು, ಯಾರ ಬಾಯಿ, ಎಷ್ಟು ವಯಸ್ಸು ಎಂದು ಬರೆದುಕೊಂಡಿದ್ದೇನೆ, ಹೆಸರು ಬಿಟ್ಟು. ಪ್ರಬಂಧಕ್ಕೆ ಅದೆಲ್ಲ ಬೇಕಿಲ್ಲ, ಆದರೂ.

ಇವತ್ತು ಒಡೆದೆವು. ಮಾಮೂಲಿ 660. ಮುದ್ದೆ 815. ಪೂರ್ಣ ಹಲ್ಲಿಗೆ ತುಂಬಾ ಕಡಿಮೆ. ಆದರೆ ಹನ್ನೆರಡರಲ್ಲಿ ಎಂಟು ಮೇಲ್ಭಾಗದಲ್ಲೇ ಮುರಿದವು. ಬೇರು ಗಟ್ಟಿಯಾಗಿದೆ, ಮತ್ತೆ ಕಟ್ಟಬಹುದು. ಆ ಎಂಟನ್ನೂ ಸಾಲಾಗಿ ಇಟ್ಟು ಬಹಳ ಹೊತ್ತು ನೋಡಿದೆ.

"ಮಾರ್ಚಿಗಿಂತ ನಾನೂರು ಕಡಿಮೆ, ಆದ್ರೂ ನಗ್ತಾ ಇದೀಯ" ಎಂದ ಲೆಹೆಲ್.

"ನಾನೆಲ್ಲಿ ನಕ್ಕೆ?"

ಪ್ರಬಂಧದ ಕೊನೆಯ ಪುಟದಲ್ಲಿ, ಕ್ಯಾಪ್ ಇಲ್ಲದೆ ಬಾಯಲ್ಲಿಟ್ಟ ಒಂದು ಹಲ್ಲು ನಲವತ್ತು ದಿನಕ್ಕೆ ಮೆತ್ತನೆಯ ಬ್ರೆಡ್ಡಿಗೆ ಸೀಳಿತು ಎಂದೂ ಸೇರಿಸಿದೆ. ಮೇಡಂ ಓದಿ, ಹಾಗೇ ಇರಲಿ ಎಂದರು.

ಜೂನ್ 19

ಹನ್ನೊಂದು ಗಂಟೆಯ ರೋಗಿಯ ಹೆಸರು ಓದಿ ಎರಡು ಸಲ ಕೈ ತೊಳೆದೆ. ರೊಜಾಲಿಯಮ್ಮ ಬಂದು ಕುರ್ಚಿಯಲ್ಲಿ ಕೂತರು. ಉಪ್ಪಿನಕಾಯಿ ತಂದಿರಲಿಲ್ಲ.

"ಬಲಗಡೆ ಹಳೇದೊಂದಿದೆ. ಅದಕ್ಕೂ ರೂಟ್ ಕೆನಾಲ್ ಆಗಿದೆ, ಬೇರೆಯವರು ಮಾಡಿದ್ದು. ತುಂಬಿದ್ದೆಲ್ಲ ಸವೆದು ಹೋಗಿದೆ. ಪಕ್ಕದ ಬೀದಿ ಡಾಕ್ಟ್ರ ಹತ್ರ ಹೋಗಿದ್ದೆ. ಕ್ಯಾಪಿಗೆ ಹತ್ತು ವರ್ಷ ಗ್ಯಾರಂಟಿ ಅಂದ್ರು."

"ಒಳ್ಳೇದಾಯ್ತಲ್ಲ."

"ನೀನು ಹೇಳು. ಕ್ಯಾಪ್ ಹಾಕಿದ್ರೆ ಎಷ್ಟು ದಿನ ಬರುತ್ತೆ?"

ಲೈಟು ಸರಿಸಿ ಎಕ್ಸ್‌ರೇ ತೆಗೆದು ನೋಡಿದೆ. ಬೇರು ಚೆನ್ನಾಗಿತ್ತು. ಒಂದು ಗೋಡೆ ತೆಳ್ಳಗಿತ್ತು.

"ಗೊತ್ತಿಲ್ಲ ರೊಜಾಲಿಯಮ್ಮ. ಕ್ಯಾಪ್ ಇದ್ರೆ ಇಲ್ಲದೇ ಇರೋದಕ್ಕಿಂತ ಜಾಸ್ತಿ ದಿನ ಬರುತ್ತೆ, ಅಷ್ಟು ಗೊತ್ತು. ಆರು ತಿಂಗಳಿಗೊಂದ್ಸಲ ಬನ್ನಿ, ನೋಡ್ತಾ ಇರ್ತೀನಿ."

ಅವರು ತೊಡೆಯ ಮೇಲಿದ್ದ ಚೀಲವನ್ನು ಕೆಳಗಿಟ್ಟರು. ಆಮೇಲೆ ತಲೆಯನ್ನು ಹಿಂದಕ್ಕೆ ಒರಗಿಸಿ, ಬಾಯಿ ತೆರೆದರು.